ಸೂಕ್ಷ್ಮದರ್ಶಕದ ಚಿತ್ರಕ್ಕೂ ಅಳತೆಗೋಲು ಬೇಕು

ರೋಗಪರೀಕ್ಷಾಲಯಗಳ ವರದಿಗಳು ಈಚೆಗೆ ಬಹಳ ಸುಂದರವಾಗಿವೆ. ನುಣುಪಾದ ಕಾಗದ, ನೆತ್ತಿಯ ಮೇಲೊಂದು ಲಾಂಛನ. ಅಂಗಾಂಶ ಪರೀಕ್ಷೆಯಾಗಿದ್ದರೆ ಗುಲಾಬಿ, ನೇರಳೆ ಬಣ್ಣದ ಒಂದೆರಡು ಚಿತ್ರಗಳು, ಅವುಗಳ ಕೆಳಗೆ ‘400 ಪಟ್ಟು’ ಎಂಬ ಒಕ್ಕಣೆ. ಸೂಕ್ಷ್ಮದರ್ಶಕದ ಮೇಲೆ ಕ್ಯಾಮೆರಾ ಕೂರಿಸಿ, ಕಂಪ್ಯೂಟರಿನ ಪರದೆಯ ಮೇಲೆ ಜೀವಕೋಶವನ್ನು ಕಾಣುವ, ಅದರ ಅಗಲವನ್ನು ತಂತ್ರಾಂಶದ ಮೂಲಕ ಕ್ಷಣಾರ್ಧದಲ್ಲಿ ಅಳೆಯುವ ಅನುಕೂಲ ಇಂದು ಜಿಲ್ಲಾ ಕೇಂದ್ರಗಳಿಗೂ ತಲಪಿದೆ. ಇದು ಸಂತೋಷದ ಸಂಗತಿಯೇ. ಆದರೆ ಮೂಲೆಯಲ್ಲಿ ಅಳತೆಯ ಗೆರೆಯಿಲ್ಲದ ಚಿತ್ರವನ್ನು ವರದಿಗೆ ಲಗತ್ತಿಸುವುದು ಕೇವಲ ಅಲಂಕಾರವೆಂದೂ, ಅಂಥ ಚಿತ್ರವನ್ನು ನಾವು ಒಪ್ಪಿಕೊಳ್ಳಬಾರದೆಂದೂ ನನ್ನ ಸ್ಪಷ್ಟ ಅಭಿಪ್ರಾಯ.

‘400 ಪಟ್ಟು’ ಎಂದರೇನು? ವಸ್ತುವಿನ ಬಳಿಯ ಮಸೂರ 40 ಪಟ್ಟು, ಕಣ್ಣಿನ ಬಳಿಯ ಮಸೂರ 10 ಪಟ್ಟು, ಗುಣಿಸಿದರೆ 400. ಈ ಲೆಕ್ಕ ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟು ನೋಡುವವನಿಗೆ ಸರಿ. ಅದೇ ನೋಟವನ್ನು ಕ್ಯಾಮೆರಾ ಹಿಡಿದ ಮೇಲೆ, ಚಿತ್ರವನ್ನು ಅಂಗೈಯಗಲದ ಮೊಬೈಲಿನಲ್ಲಿ ನೋಡಬಹುದು, ಸಭಾಂಗಣದ ಗೋಡೆಯ ಮೇಲೂ ಬೀರಬಹುದು. ಕೆಳಗಿನ ಸಂಖ್ಯೆ ಮಾತ್ರ ಎರಡು ಕಡೆಯೂ 400 ಎಂದೇ ಹೇಳುತ್ತಿರುತ್ತದೆ! ಭೂಪಟ ಮಾಡುವವರು ಇದಕ್ಕೆ ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ಇಷ್ಟು ಉದ್ದದ ಗೆರೆ ಎಂದರೆ ಇಷ್ಟು ಮೈಲಿ ಎಂದು ಅವರು ಪಟದ ಮೇಲೆಯೇ ಬರೆಯುತ್ತಾರೆ. ಪಟ ಹಿಗ್ಗಿದರೆ ಗೆರೆಯೂ ಹಿಗ್ಗುತ್ತದೆ, ಕುಗ್ಗಿದರೆ ಕುಗ್ಗುತ್ತದೆ, ಅಳತೆ ಕೆಡುವುದಿಲ್ಲ.

ಅತಿ ಚಿಕ್ಕದನ್ನು ಕಂಡರೆ ಸಾಲದು, ಅಳೆಯಲೂ ಬೇಕೆಂಬುದಕ್ಕೆ ನಮ್ಮ ಹೈದರಾಬಾದಿನ ಕನ್ನಡಿಗರ ನೆರೆಯಲ್ಲಿಯೇ ಒಂದು ಮಹತ್ತರ ನಿದರ್ಶನವಿದೆ. ಸಿಕಂದರಾಬಾದಿನ ಬೇಗಂಪೇಟೆಯಲ್ಲಿ 1897ರ ಆಗಸ್ಟ್ 20ರಂದು ಸೈನ್ಯದ ವೈದ್ಯ ರೊನಾಲ್ಡ್ ರಾಸ್, ನಾಲ್ಕು ದಿನ ಮೊದಲು ಮಲೇರಿಯಾ ರೋಗಿಯ ರಕ್ತ ಹೀರಿದ್ದ ಸೊಳ್ಳೆಯೊಂದನ್ನು ಸೀಳಿ ನೋಡುತ್ತಿದ್ದರು. (ಈ ರಾಸ್ ಎರಡು ವರ್ಷ ಹಿಂದೆ, 1895ರಲ್ಲಿ, ಕಾಲರಾ ನಿವಾರಣೆಯ ಕೆಲಸದ ಮೇಲೆ ನಮ್ಮ ಬೆಂಗಳೂರಿಗೂ ಬಂದವರು.) ಸೊಳ್ಳೆಯ ಜಠರದ ಗೋಡೆಯಲ್ಲಿ ಸುಮಾರು 12 ಮೈಕ್ರಾನ್ ವ್ಯಾಸದ, ಕಪ್ಪು ಕಣಗಳಿಂದ ಕೂಡಿದ ದುಂಡನೆಯ ಕೋಶ ಅವರಿಗೆ ಕಂಡಿತು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸೊಳ್ಳೆಯ ಜಠರದ ಸಹಜ ಕೋಶವಾಗಿರಲು ಅದು ತೀರ ಚಿಕ್ಕದಾಗಿತ್ತು. ಸಂಶಯ ಹುಟ್ಟಿದ್ದೇ ಅಲ್ಲಿ. ಮರುದಿನ, ಅದೇ ಹೊತ್ತಿಗೆ ರಕ್ತ ಕುಡಿದಿದ್ದ ಇನ್ನೊಂದು ಸೊಳ್ಳೆಯಲ್ಲಿ ಅಂಥವೇ ಕೋಶಗಳು ಕಂಡವು, ಆದರೆ ಹೆಚ್ಚು ದೊಡ್ಡದಾಗಿ. ಬೆಳೆಯುತ್ತಿರುವುದರಿಂದ ಅವು ಜೀವವುಳ್ಳವು ಎಂದಾಯಿತು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅಂದು ಗಾತ್ರವನ್ನು ಗಮನಿಸದೆ ‘ಏನೋ ದುಂಡಗೆ ಕಂಡಿತು’ ಎಂದು ಬರೆದಿಟ್ಟು ಸುಮ್ಮನಾಗಿದ್ದರೆ?

ಇಂದಿನ ವಿಧಾನವೂ ತತ್ತ್ವದಲ್ಲಿ ಸರಳವೇ. ಸ್ಟೇಜ್ ಮೈಕ್ರೋಮೀಟರ್ ಎಂಬ ಗಾಜಿನ ಪಟ್ಟಿಯೊಂದು ದೊರೆಯುತ್ತದೆ. ಅದರ ಮೇಲೆ ಒಂದು ಮಿಲಿಮೀಟರ್ ಉದ್ದವನ್ನು ಸಾಮಾನ್ಯವಾಗಿ ನೂರು ಭಾಗ ಮಾಡಿ ಗೆರೆ ಕೊರೆದಿರುತ್ತಾರೆ. ಒಂದು ಮನೆ ಎಂದರೆ 10 ಮೈಕ್ರಾನ್. ಇದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಚಿತ್ರ ತೆಗೆಯಬೇಕು. ಕ್ಯಾಮೆರಾ ಚಿತ್ರವೆಂದರೆ ಪಿಕ್ಸೆಲ್ ಎಂಬ ಬಿಂದುಗಳ ಸಾಲು. ಹತ್ತು ಮನೆಗಳ ಉದ್ದಕ್ಕೆ, ಎಂದರೆ 100 ಮೈಕ್ರಾನಿಗೆ, 400 ಬಿಂದುಗಳು ಬಂದರೆ ಒಂದು ಬಿಂದು ಕಾಲು ಮೈಕ್ರಾನಿಗೆ ಸಮ. ಈ ಪ್ರಮಾಣವನ್ನು ತಂತ್ರಾಂಶಕ್ಕೆ ತಿಳಿಸಿದ ಮೇಲೆ ಯಾವ ಕೋಶದ ಮೇಲೆ ಗೆರೆ ಎಳೆದರೂ ಅದು ಉದ್ದವನ್ನು ಹೇಳುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೂಪುಗೊಂಡ ‘ಇಮೇಜ್‌ಜೆ’ ಎಂಬ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ಲಭ್ಯವಿದೆ. ಆದುದರಿಂದ ಹಣದ ಕೊರತೆಯ ನೆಪಕ್ಕೆ ಇಲ್ಲಿ ಅವಕಾಶ ಕಡಿಮೆ. ಕಿರಾಣಿ ಅಂಗಡಿಯ ತಕ್ಕಡಿಗೂ ಕಾಲಕಾಲಕ್ಕೆ ಸರಕಾರದ ಮುದ್ರೆ ಬೀಳಬೇಕೆಂದು ಕಾನೂನು ಮಾಡಿರುವ ನಾವು, ಶರೀರದ ಅಂಶವನ್ನು ಅಳೆಯುವ ಯಂತ್ರದ ವಿಷಯದಲ್ಲಿ ಏಕೆ ಉದಾರಿಗಳಾಗಬೇಕು?

ತೊಡಕು ಇರುವುದು ಮಸೂರ ಬದಲಿಸುವಾಗ. 40ರ ಮಸೂರಕ್ಕೆ ಹೊಂದಿಸಿದ ಪ್ರಮಾಣ 10ರ ಮಸೂರಕ್ಕೆ ಸಲ್ಲದು. ಅಲ್ಲಿ ಒಂದು ಬಿಂದು ಒಂದು ಮೈಕ್ರಾನಿಗೆ ಸಮವಾಗುತ್ತದೆ. ಮಸೂರ ತಿರುಗಿಸಿದವರು ತಂತ್ರಾಂಶಕ್ಕೆ ಅದನ್ನು ತಿಳಿಸಲು ಮರೆತರೆ ಅದು ದೂರು ಹೇಳುವುದಿಲ್ಲ. ನಾಲ್ಕು ಪಟ್ಟು ತಪ್ಪಾದ ಉತ್ತರವನ್ನು ಅಷ್ಟೇ ಗಂಭೀರವಾಗಿ, ದಶಮಾಂಶ ಸಹಿತವಾಗಿ ಒಪ್ಪಿಸುತ್ತದೆ. ಇದರ ಪರಿಣಾಮವೇನೆಂಬುದನ್ನು ಸ್ತನ ಕ್ಯಾನ್ಸರಿನ ಉದಾಹರಣೆಯಿಂದ ನೋಡೋಣ. ಕಂಕುಳಿನ ದುಗ್ಧಗ್ರಂಥಿಯಲ್ಲಿ ಕ್ಯಾನ್ಸರಿನ ಕೋಶಗಳ ಗುಂಪು 0.2 ಮಿಲಿಮೀಟರನ್ನು ಮೀರದಿದ್ದರೆ, ಕೋಶಗಳ ಸಂಖ್ಯೆಯೂ ಅತ್ಯಲ್ಪವಾಗಿದ್ದರೆ, ಅದನ್ನು ‘ಬಿಡಿ ಕೋಶಗಳು’ ಎಂದು ಕರೆದು, ಗ್ರಂಥಿಗೆ ರೋಗ ಹರಡಿದೆಯೆಂದು ಎಣಿಸುವುದಿಲ್ಲ. 0.2ನ್ನು ದಾಟಿ 2 ಮಿಲಿಮೀಟರಿನವರೆಗೆ ಇದ್ದರೆ ಅದು ಸೂಕ್ಷ್ಮ ಪ್ರಸರಣ. ಅದಕ್ಕೂ ಮಿಕ್ಕಿದ್ದು ದೊಡ್ಡ ಪ್ರಸರಣ. ಈಗ 0.6 ಮಿಲಿಮೀಟರಿನ ಗುಂಪೊಂದನ್ನು 10ರ ಮಸೂರದಲ್ಲಿ ನೋಡಿ, 40ರ ಪ್ರಮಾಣದಲ್ಲಿಯೇ ಅಳೆದರೆಂದು ಭಾವಿಸಿ. 600 ಬಿಂದುಗಳು, ತಲಾ ಕಾಲು ಮೈಕ್ರಾನ್. ಪರದೆಯ ಮೇಲೆ 0.15 ಮಿಲಿಮೀಟರ್ ಎಂದು ಮೂಡುತ್ತದೆ. ಹರಡಿರುವ ರೋಗ ಕಾಗದದ ಮೇಲೆ ಹರಡದ ರೋಗವಾಗುತ್ತದೆ. ಆ ಹೆಣ್ಣುಮಗಳ ಮುಂದಿನ ಚಿಕಿತ್ಸೆಯನ್ನು ವೈದ್ಯರು ಆಲೋಚಿಸುವುದು ಆ ಕಾಗದವನ್ನು ಓದಿಯೇ. ಚಿತ್ರದ ಮೂಲೆಯಲ್ಲಿ ಅಳತೆಯ ಗೆರೆಯಿದ್ದು, ಅದು ಆ ಮಸೂರದ ಗೆರೆಯೇ ಆಗಿದ್ದರೆ, ಇನ್ನೊಬ್ಬ ವೈದ್ಯರ ಕಣ್ಣಿಗೆ ಇದು ಒಡನೆಯೇ ಬೀಳುತ್ತಿತ್ತು.

ಅನುಭವಸ್ಥ ರೋಗಶಾಸ್ತ್ರಜ್ಞರು ಇದಕ್ಕೊಂದು ಸಮಾಧಾನ ಹೇಳುವುದುಂಟು: ಬಹುತೇಕ ಅಂಗಾಂಶಗಳಲ್ಲಿ ಕೆಂಪು ರಕ್ತಕಣಗಳಿರುತ್ತವೆ, ಅವುಗಳ ವ್ಯಾಸ 7ರಿಂದ 8 ಮೈಕ್ರಾನ್, ಪ್ರಕೃತಿಯೇ ಕೊಟ್ಟ ಅಳತೆಗೋಲು ಅದು ಎಂದು. ಮಾತು ಸುಳ್ಳಲ್ಲ, ನುರಿತ ಕಣ್ಣಿನ ಬಗ್ಗೆ ನನಗೆ ಗೌರವವೂ ಇದೆ. ಆದರೆ ಫಾರ್ಮಲಿನ್ ಮತ್ತು ಮೇಣದ ಸಂಸ್ಕಾರದಲ್ಲಿ ಅಂಗಾಂಶ ಕುಗ್ಗುತ್ತದೆ, ಅದರೊಡನೆ ಈ ಅಳತೆಗೋಲೂ ಕುಗ್ಗುತ್ತದೆ. ಅಲ್ಲದೆ 0.2 ಮಿಲಿಮೀಟರ್ ಎಂದರೆ ಸುಮಾರು ಇಪ್ಪತ್ತಾರು, ಇಪ್ಪತ್ತೇಳು ರಕ್ತಕಣಗಳನ್ನು ಸಾಲಾಗಿ ಇಟ್ಟಷ್ಟು ಉದ್ದ. ಕಣ್ಣಂದಾಜಿನಲ್ಲಿ ಅಷ್ಟನ್ನು ಎಣಿಸುವವರು ಯಾರು? ಇನ್ನು ‘7.4382 ಮೈಕ್ರಾನ್’ ಎಂಬಂಥ ಸಂಖ್ಯೆಗಳಿಗೆ ಮಾರುಹೋಗುವುದೂ ಬೇಡ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 0.2 ಮೈಕ್ರಾನಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು. ಬಾಲದ ಅಂಕಿಗಳೆಲ್ಲ ಯಂತ್ರದ ವಾಚಾಳಿತನ.

ಮುಂಬೈಯಲ್ಲಿರುವ ನಮ್ಮವರ ಪೈಕಿ, ಊರಿನಿಂದ ಬಂದ ಬಂಧುಗಳನ್ನು ಕರೆದುಕೊಂಡು ಪರೇಲಿನ ಆಸ್ಪತ್ರೆಯ ಮೆಟ್ಟಿಲು ಹತ್ತದವರು ವಿರಳ. ಈಗ ಬಂಧುಗಳಿಗಿಂತ ಮೊದಲು ವಾಟ್ಸಾಪಿನಲ್ಲಿ ಅವರ ವರದಿಯ ಚಿತ್ರ ಬರುತ್ತದೆ. ಹಾಗೆ ಕಳುಹಿಸುವಾಗ ಚಿತ್ರದ ಬಿಂದುಗಳೇ ಕಡಿಮೆಯಾಗಿ, ಬಿಂದುವಿಗೆ ಇಷ್ಟು ಮೈಕ್ರಾನ್ ಎಂಬ ಲೆಕ್ಕ ಕೆಟ್ಟುಹೋಗುತ್ತದೆ. ಚಿತ್ರದೊಳಗೇ ಅಚ್ಚಾದ ಗೆರೆಯೊಂದೇ ಆಗ ಉಳಿಯುವ ಆಧಾರ. ಅದಿದ್ದರೂ ಎರಡನೆಯ ಅಭಿಪ್ರಾಯಕ್ಕೆ ಚಿತ್ರ ಸಾಲದು. ಊರಿನ ಪರೀಕ್ಷಾಲಯದಿಂದ ಗಾಜಿನ ಸ್ಲೈಡುಗಳನ್ನೂ, ಅಂಗಾಂಶವಿರುವ ಮೇಣದ ಬ್ಲಾಕನ್ನೂ ಕೇಳಿ ಪಡೆದು, ಜೋಪಾನವಾಗಿ ಕಟ್ಟಿಕೊಂಡು, ಬಿಸಿಲಿನ ಝಳ ತಾಗದಂತೆ ತರಬೇಕೆಂದು ಅವರು ರೈಲು ಹತ್ತುವ ಮೊದಲೇ ತಿಳಿಸಿರಿ.