ರ‍್ಯಾಂಕಿನ ತಕ್ಕಡಿಯಲ್ಲಿ ನಮ್ಮ ತೂಕ ನೂರಕ್ಕೆ ಎರಡು

ಸ್ವಲ್ಪ ಉದ್ದದ ಪೋಸ್ಟು. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಅಡ್ಮಿಷನ್ ಸೀಸನ್ ಬಂತು ಅಂದ್ರೆ ಹೆಬ್ಬಾಳ ಫ್ಲೈಓವರ್ ಇಳಿದು ಯಲಹಂಕ ಕಡೆ ಹೋಗೋ ರಸ್ತೆ ತುಂಬಾ ಹೋರ್ಡಿಂಗು. ಲಾ ಓದಿ, ನಮ್ಮ ರ‍್ಯಾಂಕ್ ಇಷ್ಟು, ನಮ್ಮ ಪ್ರೊಫೆಸರ್‌ಗಳ ಸಂಶೋಧನಾ ಲೇಖನ ಅಷ್ಟು. ಮೊನ್ನೆ ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ಅದನ್ನ ನೋಡಿ, "ಅಣ್ಣ, ಒಳ್ಳೆ ಕಾಲೇಜಾ ಇದು?" ಅಂದಳು. ನಮ್ಮ ಕಡೆಯ ಹುಡುಗಿ, ಕನ್ನಡ ಮೀಡಿಯಂ. ನಾನು ಉತ್ತರ ಕೊಡಲಿಲ್ಲ. ಈ ಪೋಸ್ಟೇ ಉತ್ತರ.

ಎನ್‌ಐಆರ್‌ಎಫ್ ಅಂತ ಕೇಂದ್ರ ಸರ್ಕಾರದ ಪಟ್ಟಿ ಇದೆಯಲ್ಲ, ಅದರಲ್ಲಿ ಕಾನೂನು ವಿಭಾಗ ಶುರುವಾಗಿದ್ದು 2018ರಲ್ಲಿ. ಅವತ್ತಿಂದ ಮೊದಲ ಸ್ಥಾನ ನಮ್ಮ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನದೇ. ಬೆಂಗಳೂರಿಗೆ ಹೆಮ್ಮೆ, ಇರಲಿ. ಆದರೆ ಅಂಕ ಹೇಗೆ ಹಂಚ್ತಾರೆ ಅಂತ ಯಾವತ್ತಾದ್ರೂ ನೋಡಿದ್ದೀರಾ?

ಸಂಶೋಧನೆ ಮತ್ತು ವೃತ್ತಿಪರ ಕೆಲಸಕ್ಕೆ ನೂರಕ್ಕೆ 30. ಇದರಲ್ಲಿ ದೊಡ್ಡ ಪಾಲು ಸ್ಕೋಪಸ್, ವೆಬ್ ಆಫ್ ಸೈನ್ಸ್ ಪಟ್ಟಿಯ ಜರ್ನಲ್‌ಗಳಲ್ಲಿ ಬಂದ ಲೇಖನಗಳು, ಅವುಗಳನ್ನ ಇನ್ನೆಷ್ಟು ಜನ ಉಲ್ಲೇಖಿಸಿದರು ಅನ್ನೋ ಲೆಕ್ಕ. ಹೊರಗಿನವರು ಈ ಸಂಸ್ಥೆ ಬಗ್ಗೆ ಏನಂದುಕೊಂಡಿದ್ದಾರೆ ಅನ್ನೋದಕ್ಕೆ, ಅಂದ್ರೆ ಬರೀ ಹೆಸರಿಗೆ, 10. ಒಳಗೊಳ್ಳುವಿಕೆ ಅನ್ನೋ ಬಾಬತ್ತಿಗೂ 10. ಆ ಹತ್ತನ್ನ ಹೊರರಾಜ್ಯದ ವಿದ್ಯಾರ್ಥಿಗಳು, ಮಹಿಳೆಯರು, ಅಂಗವಿಕಲರ ಸೌಲಭ್ಯ, ಆರ್ಥಿಕ-ಸಾಮಾಜಿಕವಾಗಿ ಹಿಂದುಳಿದವರು ಅಂತ ನಾಲ್ಕು ಭಾಗ ಮಾಡಿದ್ದಾರೆ. ಕೊನೆಯದು ನಮ್ಮದು. ಅದಕ್ಕೆ ಹತ್ತರಲ್ಲಿ ಐದನೇ ಒಂದು ಪಾಲು. ಅಂದ್ರೆ ನೂರಕ್ಕೆ ಎರಡು.

ಹೆಸರಿಗೆ ಹತ್ತು. ನಮಗೆ ಎರಡು.

ಆ ಎರಡರಲ್ಲೂ ಜಾತಿ ಇಲ್ಲ. ಎಷ್ಟು ಮಕ್ಕಳಿಗೆ ಪೂರ್ತಿ ಬೋಧನಾ ಶುಲ್ಕ ವಾಪಸ್ ಕೊಟ್ಟಿರಿ ಅಂತ ಮಾತ್ರ ಕೇಳ್ತಾರೆ. ಪಾಠ ಮಾಡೋರಲ್ಲಿ ದಲಿತರು ಎಷ್ಟು, ಆದಿವಾಸಿಗಳು ಎಷ್ಟು ಅನ್ನೋದಕ್ಕೆ ಒಂದೇ ಒಂದು ಅಂಕ ಇಲ್ಲ. ಖಾಸಗಿ ವಿಶ್ವವಿದ್ಯಾಲಯಗಳಿಗೆ ಬೋಧಕ ಹುದ್ದೆಯಲ್ಲಿ ಮೀಸಲಾತಿಯ ಕಡ್ಡಾಯವೂ ಇಲ್ಲ. ಕಾನೂನೂ ಕೇಳಲ್ಲ, ರ‍್ಯಾಂಕೂ ಕೇಳಲ್ಲ. ಮತ್ತೆ ಯಾರು ಕೇಳಬೇಕು?

ಈಗ ಸಂಶೋಧನೆಯ ವಿಷಯಕ್ಕೆ ಬರೋಣ. 1978ರ ಪಿಟಿಸಿಎಲ್ ಕಾಯ್ದೆ ನಿಮಗೆ ಗೊತ್ತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಅಸಿಂಧು, ಜಮೀನು ಮೂಲ ಕುಟುಂಬಕ್ಕೆ ವಾಪಸ್. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನ ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಅರ್ಜಿ ಸಮಂಜಸ ಅವಧಿಯೊಳಗೆ ಬರಬೇಕು ಅಂದಿತು. ಹೋರಾಟ ಮಾಡಿದ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಆದ್ರೂ ವಿಳಂಬದ ವಾದ ಇನ್ನೂ ನಿಂತಿಲ್ಲ.

ಯಲಹಂಕದ ಆಚೆ ಏರ್‌ಪೋರ್ಟ್ ಬಂದು ಎಕರೆ ಬೆಲೆ ಕೋಟಿ ದಾಟಿದ ಮೇಲೆ ಈ ಕಾಯ್ದೆ ಅಂದ್ರೆ ಏನು ಅಂತ ಯೋಚಿಸಿ. ನನಗೆ ಗೊತ್ತಿರೋ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಲ್ಲಿ ಮಂಜೂರಾತಿ ಚೀಟಿ ಇಟ್ಕೊಂಡು ವರ್ಷಗಟ್ಟಲೆ ಅಲೆದಳು. "ಇಷ್ಟು ದಿನ ಎಲ್ಲಿದ್ದೆ?" ಅಂತ ಕೇಳ್ತಿದ್ರು. ಅವಳು ಆ ಜಮೀನಲ್ಲೇ ಕೂಲಿ ಮಾಡ್ತಿದ್ದಳು ಸ್ವಾಮಿ!

ಒಬ್ಬ ಪ್ರೊಫೆಸರ್ ಈ ಅಜ್ಜಿಯ ಫೈಲು ಓದಿ, ಅರ್ಜಿ ಬರೆದುಕೊಟ್ಟು, ನಮ್ಮ ಹಟ್ಟಿಯವರಿಗೆ ಅರ್ಥವಾಗೋ ಹಾಗೆ ಕನ್ನಡದಲ್ಲಿ ಒಂದು ಕಿರುಪುಸ್ತಕ ಬರೆದರು ಅಂತ ಇಟ್ಕೊಳ್ಳಿ. ಜರ್ನಲ್ ಲೆಕ್ಕದಲ್ಲಿ ಅದಕ್ಕೆ ಸೊನ್ನೆ. ಸಿಂಗಪುರದ ಮಧ್ಯಸ್ಥಿಕೆ ನಿಯಮಗಳ ಬಗ್ಗೆ ಇಂಗ್ಲಿಷಲ್ಲಿ ಬರೆದರೆ ಅಂಕ. ಹಾಗಾದ್ರೆ ಪ್ರಮೋಷನ್ ಬೇಕಾದವರು ಯಾವುದನ್ನ ಬರೀತಾರೆ? ಅವರನ್ನ ಬೈದು ಪ್ರಯೋಜನ ಇಲ್ಲ, ತಕ್ಕಡಿಯೇ ವಾಲಿದೆ.

ಬಾಬಾಸಾಹೇಬರು 1935ರಲ್ಲಿ ಬೊಂಬಾಯಿ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾದರು. ಮರುವರ್ಷ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ತಾನೇ ಕರೆದ ಭಾಷಣಕ್ಕೆ ಹೆದರಿ ಸಮ್ಮೇಳನ ರದ್ದು ಮಾಡಿತು. ಅವರು ಆ ಭಾಷಣವನ್ನ ತಮ್ಮ ದುಡ್ಡಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಜರ್ನಲ್ ಇಲ್ಲ, ಸೂಚ್ಯಂಕ ಇಲ್ಲ. ಇವತ್ತಿನ ಲೆಕ್ಕದಲ್ಲಿ ಆ ಪ್ರಾಂಶುಪಾಲರ ಆ ವರ್ಷದ ಸಂಶೋಧನೆ ಸೊನ್ನೆ! ಇನ್ನು ಪ್ರಭಾವ ಎಷ್ಟು ಅಂತ ನಾನು ಹೇಳಬೇಕಾ?

"ಹಾಗಾದ್ರೆ ಸಂಶೋಧನೆ ಬೇಡವಾ?" ಅಂತ ಕೆಲವು ಗೆಳೆಯರು ಕೇಳ್ತಾರೆ. ಬೇಕು ಕಣ್ರೀ, ನಮಗೇ ಎಲ್ಲರಿಗಿಂತ ಜಾಸ್ತಿ ಬೇಕು. 2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನರನ್ನ ಸುಟ್ಟ ಕೇಸಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಮರಕುಂಬಿ ಕೇಸಲ್ಲಿ 2024ರಲ್ಲಿ 101 ಜನಕ್ಕೆ ಶಿಕ್ಷೆ ಆಯ್ತು. ಒಂದು ಬಿದ್ದಿದ್ದು ಯಾಕೆ, ಇನ್ನೊಂದು ನಿಂತಿದ್ದು ಹೇಗೆ? ಸಾಕ್ಷಿಗಳು ಯಾವ ಹಂತದಲ್ಲಿ ತಿರುಗಿಬಿದ್ದರು, ತನಿಖೆ ಎಲ್ಲಿ ಸಡಿಲವಾಯ್ತು? ಇದು ಸಂಶೋಧನೆ. ಮುಂದಿನ ಕೇಸಲ್ಲಿ ನಮ್ಮ ವಕೀಲರ ಕೈಗೆ ಸಿಗಬೇಕಾದ ಸಂಶೋಧನೆ.

ಅದಕ್ಕೇ ನಮ್ಮ ಬೇಡಿಕೆ ಇಷ್ಟು. ಬೋಧಕರ ಸಾಮಾಜಿಕ ಹಿನ್ನೆಲೆಯ ಅಂಕಿಅಂಶವನ್ನ ಪ್ರತಿ ಕಾಲೇಜೂ ಬಹಿರಂಗಪಡಿಸಲಿ, ಅದಕ್ಕೆ ಅಂಕ ಸಿಗಲಿ. ಕನ್ನಡದಲ್ಲಿ ಬರೆದ ಕಾನೂನು ಬರಹ ಲೆಕ್ಕಕ್ಕೆ ಬರಲಿ. ಉಚಿತ ಕಾನೂನು ನೆರವಿಗೆ ಒಂದು ಲೇಖನದಷ್ಟಾದರೂ ತೂಕ ಇರಲಿ. ಆ ಎರಡು ಅಂಕ ಇಪ್ಪತ್ತಾಗಲಿ.

ಬಸ್ಸಲ್ಲಿ ಕೇಳಿದ ತಂಗಿ, ನೀನು ಇದನ್ನ ಓದ್ತಿದ್ರೆ ಕೇಳು. ಲಾ ಓದು. ಕಾಲೇಜಿಗೆ ಹೋದ ದಿನ ರ‍್ಯಾಂಕ್ ಕೇಳಬೇಡ. "ನಮ್ಮವರು ಎಷ್ಟು ಜನ ಇಲ್ಲಿ ಪಾಠ ಮಾಡ್ತಾರೆ?" ಅಂತ ಕೇಳು. ಅವರು ಹೇಳೋ ಉತ್ತರವೇ ಆ ಕಾಲೇಜಿನ ನಿಜವಾದ ರ‍್ಯಾಂಕು.

ಜೈಭೀಮ್.