ವಿಷಾದದ ನಡುವೆ ಒಂದು ನಗೆ

ಖಿನ್ನತೆಯಿಂದ ನರಳುವವನು ಒಮ್ಮೆ ನಕ್ಕರೆ ಸಾಕು, ‘ಇವನಿಗೆ ರೋಗವೆಲ್ಲಿಯದು?’ ಎಂದು ನೆಂಟರಿಷ್ಟರು ತೀರ್ಪು ಕೊಟ್ಟುಬಿಡುತ್ತಾರೆ. ಇದು ಅನ್ಯಾಯ.

ಆಂಗ್ಲಕವಿ ವಿಲಿಯಂ ಕೂಪರ್ 1773ರಲ್ಲಿ ಘೋರ ವಿಷಾದಕ್ಕೆ ತುತ್ತಾದನು. ಮರುವರ್ಷ ಮೊಲಗಳನ್ನು ಸಾಕತೊಡಗಿ, ಅವುಗಳಿಗೆ ತಾನೇ ಮರದ ಗೂಡುಗಳನ್ನು ಕಟ್ಟಿದನು. ರಾತ್ರಿ ಊಟವಾದ ಮೇಲೆ ಅವು ಕೋಣೆಯಲ್ಲಿ ಕುಣಿದಾಡುವಷ್ಟು ಹೊತ್ತು ಅವನ ಮನಸ್ಸಿಗೆ ಬಿಡುವು. ರೋಗ ಮಾತ್ರ ವಾಸಿಯಾಗಲಿಲ್ಲ. 1800ರಲ್ಲಿ ಅವನು ತೀರಿಕೊಳ್ಳುವವರೆಗೂ ಮರಳಿ ಮರಳಿ ಕಾಡಿತು. ಹಾಗೆಂದು ಆ ಹೊತ್ತಿನ ಸಂತೋಷವನ್ನು ಸುಳ್ಳೆನ್ನಬಹುದೆ?

ಇಂಥ ಕಿರುಸುಖ ಚಿಕಿತ್ಸೆಯಲ್ಲ; ವೈದ್ಯನ ಸ್ಥಾನವನ್ನು ಅದಕ್ಕೆ ಕೊಡಲಾಗದು. ಆದರೆ ರೋಗಿಯು ಅದನ್ನು ಅಂಜದೆ ಅನುಭವಿಸಬೇಕಾದರೆ, ನಾವು ಅದನ್ನು ಅವನ ವಿರುದ್ಧದ ಸಾಕ್ಷ್ಯವಾಗಿ ಬಳಸಬಾರದು. ನಕ್ಕಾಗ ಜೊತೆಯಲ್ಲಿ ನಗೋಣ. ನಾಳೆ ಮತ್ತೆ ಮಂಕಾದರೆ ಗದರದಿರೋಣ.