ಅಂಗಡಿ ನಿಮ್ದಿರಬಹುದು, ಊರು ನಿಮ್ದಲ್ಲ



ಮೊನ್ನೆ ಬೆಂಗಳೂರಲ್ಲಿ ಒಂದು ಸಂವಾದಕ್ಕೆ ಕರೆದಿದ್ರು. ವಿವಾದಿತ ಆ್ಯಪ್‌ಗಳನ್ನ ದೊಡ್ಡ ಟೆಕ್ ಕಂಪನಿಗಳು ಕಿತ್ತುಹಾಕೋದು ಸರಿಯಾ, ಹಾಗೆ ಮಾಡಿದ್ರೆ ವಾಕ್ ಸ್ವಾತಂತ್ರ್ಯದ ಗತಿ ಏನು ಅನ್ನೋದು ವಿಷಯ. ಮೊದಲು ಮಾತಾಡಿದವರು ಐಟಿ ಕಂಪನಿಯ ದೊಡ್ಡ ಹುದ್ದೆಯವರು. "ಅದು ಖಾಸಗಿ ಕಂಪನಿ ಸ್ವಾಮಿ. ಅವರ ಅಂಗಡಿ, ಅವರಿಷ್ಟ. ಬೇಡಾಂದ್ರೆ ನಿಮ್ಮದೇ ಒಂದು ಮಾಡ್ಕೊಳ್ಳಿ" ಅಂದ್ರು. ಎರಡನೆಯವರು ವಕೀಲರು. "ಯಾವುದನ್ನೂ ತೆಗೀಬಾರದು. ಕೆಟ್ಟ ಮಾತಿಗೆ ಒಳ್ಳೆ ಮಾತೇ ಮದ್ದು" ಅಂದ್ರು. ಸಭೆ ಇಬ್ಬರಿಗೂ ಚಪ್ಪಾಳೆ ತಟ್ಟಿತು. ನನ್ನ ಸರದಿ ಬರೋ ಹೊತ್ತಿಗೆ ಟೈಮ್ ಮುಗಿದಿತ್ತು. ಅದೇನು ಹೊಸದಲ್ಲ ಬಿಡಿ. ಅಲ್ಲಿ ಹೇಳೋಕಾಗದ್ದನ್ನ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಆ ಐಟಿ ಸಾಹೇಬರಿಗೆ. ಸರ್, "ನಮ್ಮ ಅಂಗಡಿ, ನಮ್ಮಿಷ್ಟ" ಅನ್ನೋ ಮಾತನ್ನ ನೀವು ಅಮೆರಿಕದಿಂದ ಕಲಿತಿರಬಹುದು. ನಾನು ಅದನ್ನ ನಮ್ಮೂರ ಹೋಟೆಲ್ ಬಾಗಿಲಲ್ಲಿ ಕೇಳಿದೀನಿ. ನಮ್ಮಪ್ಪನಿಗೆ ಹೊರಗಡೆ ಜಗಲಿ ಮೇಲೆ ಬೇರೆ ಲೋಟ. ಕುಡಿದು, ತಾನೇ ತೊಳೆದು, ಮಗುಚಿ ಇಡಬೇಕಿತ್ತು. ಯಾಕೆ ಹಿಂಗೆ ಅಂತ ಕೇಳಿದ್ರೆ ಹೋಟೆಲಿನವನು ಹೇಳ್ತಿದ್ದದ್ದು ಇದನ್ನೇ: "ಬೇಕಾದ್ರೆ ನಿಮ್ಮ ಕೇರಿಲೇ ಒಂದು ಹೋಟ್ಲು ಇಟ್ಕೊಳ್ರೋ."

ಈ ಮಾತಿಗೆ ಸಂವಿಧಾನ ಆಗಲೇ ಉತ್ತರ ಕೊಟ್ಟಿದೆ. 15(2)ನೇ ವಿಧಿ ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ, ಎಲ್ಲದರ ಹೆಸರೂ ಇದೆ. ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡಂಗಿಲ್ಲ. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ, ಕ್ಷೌರದಂಗಡಿ, ಬಟ್ಟೆ ಒಗೆಯೋ ಅಂಗಡಿ ಇದರಲ್ಲಿ ಬರುತ್ತಾ ಅನ್ನೋ ಪ್ರಶ್ನೆ ಎದ್ದಿತು. 'ಅಂಗಡಿ' ಅನ್ನೋದನ್ನ ಇಲ್ಲಿ ದೊಡ್ಡ ಅರ್ಥದಲ್ಲೇ ಬಳಸಿದೆ, ಜನರಿಗೆ ಸೇವೆ ಕೊಡ್ತೀನಿ ಅಂತ ಕೂತವರೆಲ್ಲ ಅದರಲ್ಲಿ ಬರ್ತಾರೆ ಅನ್ನೋ ಅರ್ಥದಲ್ಲಿ ಬಾಬಾಸಾಹೇಬರು ಉತ್ತರಿಸಿದ್ರು. ಆ್ಯಪ್ ತೆಗೆದದ್ದಕ್ಕೆಲ್ಲ ಈ ವಿಧಿ ಹಿಡ್ಕೊಂಡು ಕೋರ್ಟಿಗೆ ಹೋಗೋಕಾಗಲ್ಲ, ನನಗೂ ಗೊತ್ತು. ಆದ್ರೆ ಅದರೊಳಗಿನ ತತ್ವ ನೋಡಿ. ಊರಿಗೆಲ್ಲ ಬಾಗಿಲು ತೆಗೆದು ಕೂತವನು 'ನನ್ನಿಷ್ಟ' ಅನ್ನಂಗಿಲ್ಲ. ಆ್ಯಪ್ 'ಸ್ಟೋರ್' ಅಂತ ಹೆಸರಿಟ್ಟವರು ನೀವೇ. ಸ್ಟೋರ್ ಅಂದ್ರೆ ಅಂಗಡಿ ತಾನೇ?

ಈಗ ವಕೀಲರಿಗೆ. ಕೆಟ್ಟ ಮಾತಿಗೆ ಒಳ್ಳೆ ಮಾತೇ ಮದ್ದು ಅಂದ್ರಿ. 2022ರ ಜನವರಿ 1, ಹೊಸ ವರ್ಷದ ಬೆಳಗ್ಗೆ, ನೂರಕ್ಕೂ ಹೆಚ್ಚು ಮುಸ್ಲಿಂ ಹೆಣ್ಣುಮಕ್ಕಳು ಎದ್ದು ನೋಡಿದ್ದೇನು? ತಮ್ಮ ಫೋಟೋಗಳು ಒಂದು ಆ್ಯಪ್‌ನಲ್ಲಿ ಹರಾಜಿಗಿವೆ. 'ಬುಲ್ಲಿ ಬಾಯಿ' ಅಂತ ಅದರ ಹೆಸರು. ಅದಕ್ಕೂ ಆರು ತಿಂಗಳ ಹಿಂದೆ 'ಸುಲ್ಲಿ ಡೀಲ್ಸ್' ಅಂತ ಇಂಥದ್ದೇ ಬಂದಿತ್ತು. ಎರಡೂ ಇದ್ದದ್ದು ಗಿಟ್‌ಹಬ್‌ನಲ್ಲಿ. ಮೊದಲನೆಯದಕ್ಕೆ ಆರು ತಿಂಗಳು ಒಂದೂ ಬಂಧನ ಆಗಲಿಲ್ಲ, ಅದಕ್ಕೇ ಎರಡನೆಯದು ಹುಟ್ಟಿತು. ಅದರಲ್ಲಿ ಮುಂಬೈ ಪೊಲೀಸರು ಹಿಡಿದವರಲ್ಲಿ ಒಬ್ಬ ನಮ್ಮ ಬೆಂಗಳೂರಲ್ಲೇ ಇಂಜಿನಿಯರಿಂಗ್ ಓದ್ತಿದ್ದ ಹುಡುಗ. ಹೇಳಿ ವಕೀಲರೇ, ಹರಾಜಿಗೆ ಇಟ್ಟ ಹೆಣ್ಣುಮಗಳು ಯಾವ 'ಒಳ್ಳೆ ಮಾತು' ಆಡಬೇಕಿತ್ತು? ಅದು ಮಾತಲ್ಲ, ದಾಳಿ. ಅಂಥದ್ದನ್ನ ಗಂಟೆಯೊಳಗೆ ತೆಗೀಬೇಕು.

ಇನ್ನೂ ಒಂದು. 1973ರಲ್ಲಿ ಮೈಸೂರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದ್ರು. ಬೈದಿರಲಿಲ್ಲ, ಹೊಡೀರಿ ಅಂದಿರಲಿಲ್ಲ, ಒಂದು ವಿಮರ್ಶೆ ಅಷ್ಟೇ. ಅವರ ಮಂತ್ರಿಗಿರಿ ಹೋಯ್ತು. ಹಾಸ್ಟೆಲಿನ ದಲಿತ ಹುಡುಗರಿಗೆ ಏಟು ಬಿತ್ತು. ಅವತ್ತು 'ಮಾತಿಗೆ ಮಾತೇ ಮದ್ದು' ಅಂದವರು ಎಷ್ಟು ಜನ? ಈ ದೇಶದಲ್ಲಿ ವಾಕ್ ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿಲ್ಲ. ಸಿಕ್ಕಿದೆ ಅಂದುಕೊಂಡು ಶುರು ಮಾಡೋ ಚರ್ಚೆಯೆಲ್ಲ ಅರ್ಧ ಚರ್ಚೆ.

ಇಲ್ಲಿಗೆ ನಿಲ್ಲಿಸಿದ್ರೆ ನಮ್ಮವರೆಲ್ಲ ಶಹಬ್ಬಾಸ್ ಅಂತಾರೆ. ನಿಲ್ಲಿಸಲ್ಲ. ನನ್ನದೇ ಒಂದು ತಪ್ಪು ಒಪ್ಪಿಕೊಳ್ಳೋದಿದೆ.

2021ರ ಜನವರಿ 6ಕ್ಕೆ ಟ್ರಂಪ್ ಬೆಂಬಲಿಗರು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ್ರಲ್ಲ, ಆಗ ಅಂಥವರು ಸೇರ್ತಿದ್ದ ಒಂದು ಆ್ಯಪ್ ಇತ್ತು, ಪಾರ್ಲರ್ ಅಂತ. ಜನವರಿ 8ಕ್ಕೆ ಗೂಗಲ್ ಅದನ್ನ ತನ್ನ ಅಂಗಡಿಯಿಂದ ತೆಗೀತು. 9ಕ್ಕೆ ಆ್ಯಪಲ್ ತೆಗೀತು. 10ರ ರಾತ್ರಿ ಕಳೆಯೋ ಹೊತ್ತಿಗೆ ಅಮೆಜಾನ್ ತನ್ನ ಸರ್ವರ್‌ಗಳಿಂದ ಇಳಿಸಿತು. ಮೂರು ದಿನ, ಮೂರು ಕಂಪನಿ, ಕಥೆ ಮುಗೀತು. ಹಿಂಸೆಗೆ ಕರೆ ಕೊಡೋ 98 ಪೋಸ್ಟ್‌ಗಳನ್ನ ಮೊದಲೇ ತೋರಿಸಿದ್ವಿ, ಅವರು ಸರಿಯಾಗಿ ತೆಗೀಲಿಲ್ಲ ಅಂತ ಅಮೆಜಾನ್ ಹೇಳಿತು. ನನಗೆ ಬಹಳ ಖುಷಿಯಾಯ್ತು. ಇದೇ ಗೋಡೆ ಮೇಲೆ 'ಸರಿಯಾಗಿ ಆಯ್ತು' ಅಂತ ಬರೆದು, ಪಟಾಕಿ ಚಿತ್ರ ಹಾಕಿದ್ದೆ.

ಅದರ ಕೆಳಗೆ ನಮ್ಮ ಕಾಲೊನಿಯ ಹುಡುಗನೊಬ್ಬ ಒಂದೇ ಸಾಲು ಬರೆದಿದ್ದ: "ಅಣ್ಣಾ, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ನೀರು, ಮೂರೂ ಒಟ್ಟಿಗೆ ಬಂದ್ ಮಾಡಿದಂಗಾಯ್ತಲ್ಲ?"

ನಾನು ಅವನಿಗೆ ಬೈದೆ. ಅವರಿಗೂ ನಮಗೂ ಹೋಲಿಕೆ ಮಾಡ್ತೀಯೇನೋ ಅಂದೆ. ಹೋಲಿಕೆ ತಪ್ಪು, ಈಗಲೂ ಅಂತೀನಿ. ಬಹಿಷ್ಕಾರ ಹಾಕೋದು ಹಕ್ಕು ಕೇಳಿದವನಿಗೆ. ಪಾರ್ಲರ್‌ಗೆ ಬೀಗ ಬಿದ್ದದ್ದು ಹಿಂಸೆಯ ಕರೆಗಳನ್ನ ತಡೀಲಿಲ್ಲ ಅಂತ. ನಿಯಮ ಒಪ್ಪಿಕೊಂಡ ಮೇಲೆ ಅದೇ ವರ್ಷ ಮೇ ತಿಂಗಳಲ್ಲಿ ಆ್ಯಪಲ್ ಅದನ್ನ ವಾಪಸ್ ಸೇರಿಸಿಕೊಂಡಿತು ಕೂಡ. ಬಹಿಷ್ಕಾರ ಹಾಕಿಸಿಕೊಂಡ ಕೇರಿಗೆ ಅಂಥ ದಾರಿ ಯಾರು ತೋರಿಸ್ತಾರೆ? ಆದ್ರೆ ಹುಡುಗ ಕೇಳಿದ್ದು ಬೀಗ ಯಾರಿಗೆ ಬಿತ್ತು ಅಂತಲ್ಲ. ಕೀಲಿಕೈ ಯಾರ ಸೊಂಟದಲ್ಲಿದೆ ಅಂತ. ಅದು ನನಗೆ ಅವತ್ತು ಕೇಳಿಸಲಿಲ್ಲ.

ಕೀಲಿಕೈ ಎಲ್ಲೆಲ್ಲಿ ತಿರುಗಿದೆ ನೋಡಿ. 2019ರ ಅಕ್ಟೋಬರ್, ಹಾಂಗ್‌ಕಾಂಗ್. ಬೀದಿಗಿಳಿದ ಜನ ಪೊಲೀಸರು ಎಲ್ಲಿದ್ದಾರೆ ಅಂತ ತಿಳ್ಕೊಳ್ಳೋಕೆ ಬಳಸ್ತಿದ್ದ ಮ್ಯಾಪ್ ಆ್ಯಪನ್ನ, ಚೀನಾದ ಸರ್ಕಾರಿ ಪತ್ರಿಕೆ ಗುರ್ ಅಂದ ಮೇಲೆ ಆ್ಯಪಲ್ ತೆಗೀತು. 2021ರ ಸೆಪ್ಟೆಂಬರ್ 17, ರಷ್ಯಾ. ಚುನಾವಣೆ ಶುರುವಾದ ದಿನವೇ ನವಾಲ್ನಿ ಕಡೆಯವರ ಮತದಾನದ ಆ್ಯಪನ್ನ ಆ್ಯಪಲ್, ಗೂಗಲ್ ಎರಡೂ ತೆಗೆದವು. 2025ರ ಅಕ್ಟೋಬರ್ 2, ಅಮೆರಿಕ. ವಲಸೆಗಾರರನ್ನ ಹಿಡಿಯೋ ಅಧಿಕಾರಿಗಳು ಎಲ್ಲಿ ಕಂಡ್ರು ಅಂತ ಜನರೇ ಜನರಿಗೆ ಹೇಳ್ತಿದ್ದ 'ಐಸ್‌ಬ್ಲಾಕ್' ಆ್ಯಪನ್ನ, ಸರ್ಕಾರದ ಅಟಾರ್ನಿ ಜನರಲ್ ಒತ್ತಾಯ ಮಾಡಿದ ಮೇಲೆ ಆ್ಯಪಲ್ ತೆಗೀತು. ಅಧಿಕಾರಿಗಳ ಜೀವಕ್ಕೆ ಅಪಾಯ ಅನ್ನೋ ಕಾರಣ ಕೊಟ್ರು. ಪಾರ್ಲರ್‌ಗೆ ಬೀಗ ಹಾಕಿದ ಕೈಯೇ ಇದು. ಟ್ರಂಪ್ ಸೋತು ಕೂತಿದ್ದಾಗ ಆ ಕಡೆ ತಿರುಗಿತು, ಗೆದ್ದು ಬಂದ ಮೇಲೆ ಈ ಕಡೆ. ಕಂಪನಿ ನ್ಯಾಯ ನೋಡ್ಕೊಂಡು ಕೀಲಿ ತಿರುಗಿಸ್ತಿದೆ ಅಂದುಕೊಂಡಿದ್ದೆ. ಅದು ಗಾಳಿ ನೋಡ್ಕೊಂಡು ತಿರುಗಿಸುತ್ತೆ.

ನಮ್ಮ ದೇಶದ ಕಥೆ? 2020ರ ಜೂನ್ 29ಕ್ಕೆ ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನ ನಿಷೇಧಿಸಿತು. ಟಿಕ್‌ಟಾಕ್ ಹೋಯ್ತು. ಅದೇನು ಸಾಚಾ ಅಂತ ನಾನು ಹೇಳಲ್ಲ. ಜಾತಿ ಮೀಸೆ ತಿರುವೋ ವಿಡಿಯೋಗಳೂ ಅಲ್ಲಿ ಬೇಕಾದಷ್ಟಿದ್ವು. ಆದ್ರೆ ಟಿವಿಯವರು ಯಾವತ್ತೂ ಕ್ಯಾಮೆರಾ ತಿರುಗಿಸದ ಹಳ್ಳಿ ಹುಡುಗಿ, ತಮಟೆ ಬಾರಿಸೋ ಹುಡುಗ, ಇಟ್ಟಿಗೆ ಗೂಡಿನ ಕೂಲಿಯವನು ಅಲ್ಲಿ ಕುಣಿದ್ರು, ಹಾಡಿದ್ರು, ಜನ ನೋಡಿದ್ರು. ಒಂದು ರಾತ್ರಿಗೆ ಎಲ್ಲ ಹೋಯ್ತು. ಅವರನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?

ಐಟಿ ಕಾಯ್ದೆಯ 69ಎ ಅಡಿ ಸರ್ಕಾರ ಏನನ್ನಾದ್ರೂ ಬಂದ್ ಮಾಡಿಸಿದ್ರೆ, 2009ರ ನಿಯಮಗಳಲ್ಲಿ 16ನೇ ನಿಯಮ ಅಂತ ಒಂದಿದೆ: ಎಲ್ಲ ಗೌಪ್ಯ. ಯಾಕೆ ಬಾಯಿ ಮುಚ್ಚಿಸಿದ್ರು ಅಂತ ಬಾಯಿ ಮುಚ್ಚಿಸಿಕೊಂಡವನಿಗೇ ಗೊತ್ತಾಗಲ್ಲ. ರೈತ ಹೋರಾಟದ ಕಾಲದಿಂದ ಬಂದ ಇಂಥ ಆದೇಶಗಳ ವಿರುದ್ಧ ಟ್ವಿಟರ್ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂತು, ಬಳಕೆದಾರರಿಗೆ ನೋಟಿಸ್ ಕೊಟ್ಟಿಲ್ಲ ಅನ್ನೋದು ಅದರ ತಕರಾರುಗಳಲ್ಲೊಂದು. 2023ರ ಜೂನ್ 30ಕ್ಕೆ ಅರ್ಜಿ ವಜಾ, ಮೇಲಿಂದ 50 ಲಕ್ಷ ರೂಪಾಯಿ ದಂಡ. ಲಕ್ಷ ಕೋಟಿಯ ಕಂಪನಿಗೇ ಈ ಗತಿ ಆದ್ರೆ, ಕೊಳ್ಳೇಗಾಲದಲ್ಲೋ ದೇವದುರ್ಗದಲ್ಲೋ ಕೂತು ಮೊಬೈಲ್‌ನಲ್ಲಿ ಬರೆಯೋ ನಮ್ಮ ಹುಡುಗ ಯಾರ ಬಾಗಿಲು ತಟ್ಟಬೇಕು?

ಈಗ ನನ್ನ ಕಥೆ. ಎರಡು ವರ್ಷದ ಹಿಂದೆ ಒಬ್ಬ ನನ್ನ ಜಾತಿ ಹೆಸರು ಹಿಡಿದು ಬೈದು ಬರೆದ. ನಮ್ಮವ್ವನನ್ನೂ ಬಿಡಲಿಲ್ಲ. ನಾನು ರಿಪೋರ್ಟ್ ಮಾಡಿದೆ. 'ನಮ್ಮ ನಿಯಮಗಳ ಉಲ್ಲಂಘನೆ ಆಗಿಲ್ಲ' ಅಂತ ಉತ್ತರ ಬಂತು. ಸರಿ, ಪೊಲೀಸ್ ದೂರಿಗೂ ಆಗುತ್ತೆ, ನಾಲ್ಕು ಜನಕ್ಕೂ ಗೊತ್ತಾಗಲಿ ಅಂತ ಅದರ ಸ್ಕ್ರೀನ್‌ಶಾಟ್ ಹಾಕಿದೆ. ಮೂವತ್ತು ದಿನ ನನ್ನ ಖಾತೆಗೆ ಬೀಗ! ಕಾರಣ: ದ್ವೇಷದ ಮಾತು. ಅವನು ಬರೆದಾಗ ದ್ವೇಷ ಅಲ್ಲ, ಅದನ್ನೇ ನಾನು ತೋರಿಸಿದಾಗ ದ್ವೇಷ. ಆ ಬೈಗುಳ ಎಂಥ ಗಾಯ ಅಂತ ಅರ್ಥ ಮಾಡ್ಕೊಳ್ಳೋ ಒಬ್ಬ ಕನ್ನಡಿಗ ಆ ಕಡೆ ಕೂತಿದ್ದಾನೋ ಇಲ್ವೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಬಾಯಿ ಮುಚ್ಚಿದ್ದ ಆ ಮೂವತ್ತು ದಿನ ಕಾಲೊನಿ ಹುಡುಗನ ಆ ಒಂದು ಸಾಲು ತಲೇಲಿ ಸುತ್ತುತ್ತಿತ್ತು. ವಾಪಸ್ ಬಂದ ದಿನ ಮೊದಲು ಅವನಿಗೆ ಫೋನ್ ಮಾಡಿದೆ. ನೀನು ಹೇಳಿದ್ದು ಸರಿ ಕಣಪ್ಪಾ ಅಂದೆ.

ಹಾಗಾದ್ರೆ ಏನು ಮಾಡಬೇಕು? ಏನೂ ತೆಗೀಬಾರದು ಅನ್ನೋ ವಕೀಲರ ಕಡೆ ನಾನು ಹೋಗಲ್ಲ. ಮೂಲಭೂತ ಹಕ್ಕುಗಳಿಗೆ ಮಿತಿ ಯಾಕೆ ಅಂತ ಟೀಕಿಸಿದವರಿಗೆ 1948ರ ನವೆಂಬರ್ 4ರ ಭಾಷಣದಲ್ಲಿ ಬಾಬಾಸಾಹೇಬರು ಅಮೆರಿಕದ ಕೋರ್ಟ್ ತೀರ್ಪನ್ನೇ ಮುಂದಿಟ್ಟು, ಅಲ್ಲೂ ಹಕ್ಕು ಅನಿಯಂತ್ರಿತ ಅಲ್ಲ ಅಂತ ತೋರಿಸಿಕೊಟ್ರು. ಮಿತಿ ಬೇಕು. ಆದ್ರೆ ಆ ಮಿತಿ ಬರೆದಿಟ್ಟ ಕಾನೂನಿನಲ್ಲಿರಬೇಕು, ಗೌಡನ ನಾಲಿಗೆ ಮೇಲಲ್ಲ. ಕಂಪನಿಯ ಗೌಡನಾದ್ರೂ ಅಷ್ಟೇ, ಸರ್ಕಾರದ ಗೌಡನಾದ್ರೂ ಅಷ್ಟೇ.

ನಾನು ಕೇಳೋದು ನಾಲ್ಕೇ. ಏನನ್ನಾದ್ರೂ ತೆಗೆದ್ರೆ ಯಾಕೆ ಅಂತ ಬರವಣಿಗೆಯಲ್ಲಿ ಕಾರಣ ಕೊಡಿ. ಸರ್ಕಾರ ಹೇಳಿ ತೆಗೆಸಿದ್ರೆ ಆ ಆದೇಶವನ್ನ ಜನರ ಮುಂದಿಡಿ. ತೆಗೆಸಿಕೊಂಡವನ ಮಾತು ಕೇಳೋಕೆ, ಅವನ ಭಾಷೆ ಗೊತ್ತಿರೋ ಒಬ್ಬ ಮನುಷ್ಯನನ್ನ ಕೂರಿಸಿ. ಮತ್ತೆ ಎಲ್ಲರಿಗೂ ಒಂದೇ ಅಳತೆ: ಶಾಸಕನ ದ್ವೇಷಕ್ಕೂ ಅದೇ ತಕ್ಕಡಿ, ನನ್ನ ಸ್ಕ್ರೀನ್‌ಶಾಟಿಗೂ ಅದೇ ತಕ್ಕಡಿ. 2015ರ ತಿದ್ದುಪಡಿಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನ ದೌರ್ಜನ್ಯ ಕಾಯ್ದೆಯೊಳಗೆ ಅಪರಾಧ ಅಂತ ಸೇರಿಸಿಕೊಂಡ ದೇಶ ಇದು. ನಾಲ್ಕು ಸಾಲಿನ ನ್ಯಾಯ ಕಷ್ಟವೇನಲ್ಲ.

ನಿಮ್ಮದೇ ಒಂದು ಮಾಡ್ಕೊಳ್ಳಿ ಅಂದ್ರಲ್ಲ ಸರ್, ಮಾಡಿದ್ವಿ. 1920ರ ಜನವರಿ 31ಕ್ಕೆ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದ್ರು. ಅದರ ಜಾಹೀರಾತನ್ನ ದುಡ್ಡು ಕೊಡ್ತೀವಿ ಅಂದ್ರೂ ತಿಲಕರ 'ಕೇಸರಿ' ಹಾಕಲಿಲ್ಲ. ಅದೂ ಖಾಸಗಿ ಪತ್ರಿಕೆಯೇ, ಅವರ ಅಂಗಡಿ, ಅವರಿಷ್ಟ. ನೂರು ವರ್ಷ ಆಯ್ತು, ಅಂಗಡಿ ಹೆಸರು ಬದಲಾಗಿದೆ ಅಷ್ಟೇ.

ನಾಳೆ ನಮಗೆ ಆಗದವರ ಆ್ಯಪ್‌ಗೆ ಬೀಗ ಬಿದ್ದಾಗ ಪಟಾಕಿ ಹಚ್ಚೋಕೆ ಮುಂಚೆ ಒಂದು ಕ್ಷಣ ನಿಲ್ಲಿ. ಕಾರಣ ಕೊಟ್ರಾ, ಮಾತು ಕೇಳಿದ್ರಾ ಅಂತ ಕೇಳಿ. ಹರಾಜು ಹಾಕೋರ, ಹೊಡೀರಿ ಅನ್ನೋರ ಬಾಯಿಗೆ ಬೀಗ ಬೀಳಲಿ, ನನ್ನ ತಕರಾರಿಲ್ಲ. ಆದ್ರೆ ಕೀಲಿಕೈ ಯಾರ ಮನೆ ಗೂಟಕ್ಕೂ ನೇತಾಡಬಾರದು. ಅದು ಕಾನೂನಿನ ಕೈಲಿರಲಿ, ಎಲ್ಲರ ಕಣ್ಣೆದುರಿರಲಿ.

ಒಪ್ಪದವರು ಕೆಳಗೆ ಬರೀರಿ, ಉತ್ತರ ಕೊಡ್ತೀನಿ. ಡಿಲೀಟ್ ಮಾಡಲ್ಲ. ಅವ್ವ ಅಕ್ಕ ಅಂತ ಬೈದ್ರೆ ಮಾಡ್ತೀನಿ, ಯಾಕೆ ಮಾಡಿದೆ ಅಂತಾನೂ ಬರೀತೀನಿ.

ಜೈಭೀಮ್.